ಬೇವಿನಕಟ್ಟೆಯ ಬಿಳಿ ಬುರುಡೆ

ಬೆಣ್ಣಿನಾಳದ ಮಡಿವಾಳೆಪ್ಪನ ಚಾದಂಗಡಿಯಲ್ಲಿ ಹಾಲು ಉಳಿಯತೊಡಗಿದ್ದಕ್ಕೆ ಕಾರಣ ಎಮ್ಮೆಯಲ್ಲ, ಸಕ್ಕರೆಯ ಧಾರಣೆಯಲ್ಲ, ಎದುರು ಅಂಗಡಿಯ ಪೈಪೋಟಿಯೂ ಅಲ್ಲ. ಅಂಗಡಿಯ ಮುಂದಿನ ಬೇವಿನಕಟ್ಟೆಯ ಪಕ್ಕದ ಕಂಬದ ಮೇಲೆ ಮೇಲಿನ ಆದೇಶದಂತೆ ಪಂಚಾಯಿತಿಯವರು ಕೂರಿಸಿದ್ದ, ತೆಂಗಿನಕಾಯಿ ಗಾತ್ರದ ಒಂದು ಬಿಳಿ ಬುರುಡೆ.

ಅದು ಕ್ಯಾಮೆರಾ. ಸಾಧಾರಣ ಕ್ಯಾಮೆರಾ ಅಲ್ಲ, ಕರೆಂಟಿಲ್ಲದಿದ್ದರೂ ನಡೆಯುವ, ಕೃತಕ ಬುದ್ಧಿಮತ್ತೆಯ ಕ್ಯಾಮೆರಾ. ಎರಡು ತಿಂಗಳ ಹಿಂದೆ ಅದನ್ನು ಉದ್ಘಾಟಿಸಲು ಬಂದಿದ್ದ ಅಧಿಕಾರಿಯೊಬ್ಬರು, ಕೊರಳಿನ ಹಾರವನ್ನೂ ತೆಗೆಯದೆ, "ಈ ಯಂತ್ರವು ಗ್ರಾಮದ ಸಕಲ ಆಗುಹೋಗುಗಳನ್ನು ಹಗಲಿರುಳು ಗಮನಿಸಿ, ವಿಶ್ಲೇಷಿಸಿ, ಮೇಲಿನವರಿಗೆ ವರದಿ ಸಲ್ಲಿಸುತ್ತದೆ" ಎಂದು ಘೋಷಿಸಿ, ಶೇಂಗಾ ಉಂಡೆ ತಿಂದು, ಜೀಪು ಹತ್ತಿ ಹೋಗಿಬಿಟ್ಟರು. ಮೇಲಿನವರೆಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಕೇಳಿದ್ದನ್ನೂ ಅದು ವರದಿ ಮಾಡಿದರೆ ಏನು ಗತಿ?

ಮಡಿವಾಳೆಪ್ಪನಿಗೆ ರಾಜಕೀಯದಲ್ಲಿ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಆದರೆ ಅವನ ಅಂಗಡಿ ನಿಂತಿದ್ದುದೇ ರಾಜಕೀಯದ ಮೇಲೆ. ಬಾಯಾರಿ ಬಂದವನು ಒಂದು ಚಾ ಕುಡಿದು ಎದ್ದು ಹೋಗುತ್ತಾನೆ. ಸರಕಾರವನ್ನು ಬೈಯಲು ಬಂದವನು ಹಾಗಲ್ಲ. ಬೈಯುವ ಮುನ್ನ ಅವನಿಗೊಂದು ಚಾ ಬೇಕು. ಎದುರಿನವನು ಸರಕಾರದ ಪರ ವಹಿಸಿದಾಗ ಇನ್ನೊಂದು. ಇಬ್ಬರೂ ಸಿಟ್ಟಿಗೆದ್ದು ಮೂರನೆಯವನು ರಾಜಿ ಮಾಡಿಸಿದಾಗ ಮೂವರಿಗೂ ಒಂದೊಂದು. ನಡುವೆ ನಾಲಿಗೆ ಖಾರ ಬೇಡಿತೆಂದು ಒಂದು ಪ್ಲೇಟು ಮಿರ್ಚಿ. ಪ್ರಜಾಪ್ರಭುತ್ವಕ್ಕೂ ಎಮ್ಮೆಯ ಹಾಲಿಗೂ ಇರುವ ಈ ನೇರ ಸಂಬಂಧ ಅವನಿಗೆ ಅರಿವಾದದ್ದು ಕ್ಯಾಮೆರಾ ಬಂದ ಮೇಲೆ.

ಬುರುಡೆಗೆ ಕಣ್ಣಷ್ಟೇ ಅಲ್ಲ, ಕಿವಿಯೂ ಇದೆ ಎಂಬುದಕ್ಕೆ ಊರಿನವರ ಬಳಿ ಎರಡು ಸಾಕ್ಷ್ಯಗಳಿದ್ದವು. ಮೊದಲನೆಯದು, ಟ್ರ್ಯಾಕ್ಟರಿನ ಯಾಕೂಬಸಾಬ ಕಟ್ಟೆಯ ಮೇಲೆ ಕುಳಿತು, "ಈ ಡಾಂಬರು ಹಪ್ಪಳ ಎದ್ದಂಗ ಎದ್ದೈತಿ" ಎಂದು ಆಡಿಕೊಂಡ ವಾರದಲ್ಲೇ ನವಲಗುಂದ ರಸ್ತೆಯಲ್ಲಿ ಅವನ ಟ್ರ್ಯಾಕ್ಟರನ್ನು ಪೊಲೀಸರು ನಿಲ್ಲಿಸಿ ಕಾಗದಪತ್ರ ಕೇಳಿದ್ದು. ಆ ಟ್ರ್ಯಾಕ್ಟರಿಗೆ ಕಾಗದಪತ್ರ ಇರಲಿಲ್ಲವೆಂಬುದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಎರಡನೆಯ ಸಾಕ್ಷ್ಯ ಇನ್ನೂ ಬಲವಾದದ್ದು. ಒಂಟಿ ಮುದುಕಿ ಮೈಲಾರವ್ವ ಕಂಬದ ಕೆಳಗೆ ನಿಂತು, ಬುರುಡೆಯತ್ತ ಮುಖವೆತ್ತಿ, ತನ್ನ ಮನೆಯ ಮುಂದಿನ ಗಟಾರ ಕಟ್ಟಿಕೊಂಡ ದುಃಖವನ್ನು ತೋಡಿಕೊಂಡಳು. ವರ್ಷಗಟ್ಟಲೆ ಅರ್ಜಿಗೆ ಜಗ್ಗದ ಗಟಾರ ಎರಡು ದಿನದಲ್ಲಿ ಸ್ವಚ್ಛವಾಯಿತು.

ಅಂದಿನಿಂದ ಕಟ್ಟೆ ಮೂಕವಾಯಿತು. ಹಾಲು ಉಳಿಯಿತು.

ಆ ದಿನ ಬೆಳಿಗ್ಗೆ ಮಡಿವಾಳೆಪ್ಪನ ಹೆಂಡತಿ ಮಲ್ಲಕ್ಕ ಹಾಲಿನ ಕ್ಯಾನನ್ನು ಅಂಗಡಿಯ ಕಟ್ಟೆಯ ಮೇಲೆ ಕುಕ್ಕಿ ಇಟ್ಟಳು.

"ಮೊನ್ನಿ ಹಾಲು ಮೊಸರಾತು, ನಿನ್ನಿ ಹಾಲು ಮೊಸರಾತು. ಮನ್ಯಾಗ ಹಂಡೇದಾಗ ಮಜ್ಜಿಗಿ ನಿಂತೈತಿ, ಜಳಕಾ ಮಾಡ್ಬೇಕಷ್ಟ. ಇವತ್ತ ಸಂಜಿಗೆ ಕ್ಯಾನಿನ್ಯಾಗ ಹಾಲು ಉಳದ್ವು ಅಂದ್ರ ನಾಳಿಂದ ಡೇರಿಗೆ ಹಾಕೂದ. ಅಂಗಡಿಗೆ ಕೀಲಿ. ನೀವು ನಮ್ಮಣ್ಣನ ಹೊಲಕ್ಕ ಕಸಾ ತಗ್ಯಾಕ ಹೋಗ್ರಿ."

"ಬಿಸಲಾಗ?"

"ಮತ್ತೇನ್, ನಮ್ಮಣ್ಣ ಹೊಲಕ್ಕ ಚಾವಣಿ ಹಾಕಸ್ಬೇಕೇನು?"

ಮಡಿವಾಳೆಪ್ಪನಿಗೆ ಬಿಸಿಲೆಂದರೆ ಜೀವ ಹೋಗುತ್ತಿತ್ತು. ಆಯುಷ್ಯವನ್ನೆಲ್ಲ ಒಲೆಯ ಮುಂದೆ ಕಳೆದವನು ಬಿಸಿಲಿಗೆ ಹೆದರುವುದು ವಿಚಿತ್ರವೆನಿಸಬಹುದು. ಒಲೆಯನ್ನು ನಾವು ಬೇಕೆಂದಾಗ ಆರಿಸಬಹುದು, ಸೂರ್ಯನನ್ನು ಆರಿಸಲಾಗದು ಎಂಬುದು ಅವನ ತರ್ಕ. ಆದ್ದರಿಂದ, ಸಂಜೆಯೊಳಗೆ ಬೆಣ್ಣಿನಾಳದ ಜನ ಬಾಯಿ ಬಿಡುವಂತೆ ಮಾಡಲೇಬೇಕೆಂದು ಅವನು ನಿರ್ಧರಿಸಿದ. ದೇಶದಲ್ಲಿ ವಾಕ್ ಸ್ವಾತಂತ್ರ್ಯಕ್ಕಾಗಿ ಟೊಂಕ ಕಟ್ಟಿದವರಲ್ಲಿ ಕಸ ತೆಗೆಯುವುದನ್ನು ತಪ್ಪಿಸಿಕೊಳ್ಳಲು ಕಟ್ಟಿದವನು ಬಹುಶಃ ಇವನೊಬ್ಬನೇ.

ಎಂದಿನಂತೆ ಮೊದಲು ಬಂದವರು ನಿವೃತ್ತ ಮುಖ್ಯೋಪಾಧ್ಯಾಯ ಹುಲಿಗೆಪ್ಪ ಮಾಸ್ತರರು. ಅವರ ಹಿಂದೆಯೇ ಯಾಕೂಬಸಾಬ. ಇಬ್ಬರೂ ಕಂಬಕ್ಕೆ ಬೆನ್ನು ಮಾಡಿ ಕುಳಿತರು. ತುಟಿಯ ಚಲನೆಯಿಂದಲೂ ಯಂತ್ರ ಮಾತು ಹಿಡಿಯುತ್ತದೆಂದು ಯಾರೋ ಹೇಳಿದ್ದರಿಂದ ಯಾಕೂಬಸಾಬ ಬಾಯಿಗೆ ಟವೆಲು ಸುತ್ತಿಕೊಂಡಿದ್ದ. ಚಾ ಗುಟುಕರಿಸುವಾಗ ಮಾತ್ರ ಅದನ್ನು ಪರದೆಯಂತೆ ಎತ್ತುತ್ತಿದ್ದ.

"ಏನ್ರಿ ಮಾಸ್ತರ, ಪೇಪರಿನ್ಯಾಗ ಏನ್ ಐತಿ?" ಮಡಿವಾಳೆಪ್ಪ ಗಾಳ ಹಾಕಿದ.

ಮಾಸ್ತರರು ಭುಜದ ಮೇಲಿಂದ ಕಂಬದತ್ತ ಒಮ್ಮೆ ನೋಡಿದರು. "ಜಾಹೀರಾತ ಐತಿ."

"ಮತ್ತ?"

"ರಾಶಿಭವಿಷ್ಯ ಐತಿ. ಸಿಂಹರಾಶಿಯವರು ಮಾತಿನ ಮ್ಯಾಲ ಹಿಡಿತ ಇಟ್ಕೋಬೇಕಂತ."

ಜೀವನವಿಡೀ ರಾಶಿಭವಿಷ್ಯವನ್ನು ಮೂಢನಂಬಿಕೆಯೆಂದು ಝಾಡಿಸಿದವರ ಬಾಯಿಂದ ಈ ಮಾತು ಬಂದದ್ದು ಕೇಳಿ ಯಾಕೂಬಸಾಬ ಟವೆಲು ಎತ್ತಿದ. "ಮಾಸ್ತರ, ನೀವು ಕನ್ಯಾ ಅಲ್ಲೇನ್ರಿ?"

"ಇರ್ಲಿ ಬಿಡೋ. ಇಂಥಾ ದಿನದಾಗ ಹನ್ನೆರಡೂ ರಾಶಿಯವರು ಪಾಲಿಸೂದು ಚಲೋ."

ಮಡಿವಾಳೆಪ್ಪ ಪಟ್ಟು ಬಿಡಲಿಲ್ಲ. "ಹೋಗ್ಲಿ, ಮಳಿ ಎಲ್ಲಿ ಹೋತ್ರಿ ಈ ಸಲ? ಒಂದ ಹನಿ ಇಲ್ಲ."

"ಲೇ ಮಡಿವಾಳ್ಯಾ, ಮಳಿ ಸುದ್ದಿ ಬ್ಯಾಡೋ!" ಯಾಕೂಬಸಾಬ ಟವೆಲಿನೊಳಗಿಂದಲೇ ಗದರಿದ. "ಮೋಡ ಬಿತ್ತನಿ ಮಾಡಾವ್ರು ಯಾರು? ಸರಕಾರದವ್ರು. ಮಳಿ ಬಂದಿಲ್ಲ ಅಂದ್ರ ಯಾರನ್ನ ಅಂದಂಗಾತು?"

ಒಂದೊಂದೇ ಚಾ ಮುಗಿಯಿತು. ಯಾಕೂಬಸಾಬ ಎದ್ದು, ಟವೆಲು ತೆಗೆದು, ಕಂಬದ ಎದುರು ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವವನಂತೆ, "ನಮ್ಮೂರ ರಸ್ತಾ ಅಗದಿ ಚಲೋ ಆಗೇತಿ! ಗೌಡ್ರ ಕಾಳಜಿ ಭಾಳ!" ಎಂದು ಘೋಷಿಸಿ ನಡೆದ. ಎರಡು ಹೆಜ್ಜೆಗೆ ತಗ್ಗಿನಲ್ಲಿ ಕಾಲು ಸಿಕ್ಕಿ ಮುಗ್ಗರಿಸಿದನಾದರೂ ಮುಖದ ಮೇಲಿನ ತೃಪ್ತಿಯನ್ನು ಜಾರಗೊಡಲಿಲ್ಲ.

ಗೌಡರೆಂದರೆ ಗೌರೀಶಗೌಡರು. ಪಂಚಾಯಿತಿಯ ಅಧ್ಯಕ್ಷತೆ ಕಾಗದದ ಪ್ರಕಾರ ಅವರ ಹೆಂಡತಿ ಶಾಂಭವಿಯವರದು. ಆದರೆ ಶಾಂಭವಿಯವರು ಪಂಚಾಯಿತಿ ಕಚೇರಿಯನ್ನು ನೋಡಿದ್ದು ಪ್ರಮಾಣವಚನದ ದಿನ ಮಾತ್ರ. ಉಳಿದದ್ದನ್ನೆಲ್ಲ ಯಜಮಾನರೇ ನೋಡಿಕೊಳ್ಳುತ್ತಿದ್ದರು.

ಮಡಿವಾಳೆಪ್ಪನ ಮೊದಲ ಪ್ರಯತ್ನ ಸರಳವಾಗಿತ್ತು. ಅವನು ಬೆಂಚುಗಳನ್ನು ಹೊತ್ತು ಅಂಗಡಿಯ ಹಿಂದಿನ ಎಮ್ಮೆಯ ಕೊಟ್ಟಿಗೆಗೆ ಸಾಗಿಸಿದ. ಬುರುಡೆಯ ದೃಷ್ಟಿ ಅಲ್ಲಿಗೆ ತಲುಪುವಂತಿರಲಿಲ್ಲ. ಐದಾರು ಮಂದಿ ಬಂದು ಕುಳಿತರು ಕೂಡ. ಆದರೆ ಕಿವಿಯ ಭಯದಿಂದ ಎಲ್ಲರೂ ಪಿಸುಗುಟ್ಟಿದರು. ಪಿಸುಮಾತಿನಲ್ಲಿ ಸರಕಾರವನ್ನು ಬೈಯುವುದೆಂದರೆ ಒಗ್ಗರಣೆ ಇಲ್ಲದ ಚುರಮುರಿ ತಿಂದಂತೆ. ಹೊಟ್ಟೆಗೂ ಇಲ್ಲ, ನಾಲಿಗೆಗೂ ಇಲ್ಲ. ಅಷ್ಟರಲ್ಲಿ ಎಮ್ಮೆಯೊಂದು ಕತ್ತು ಚಾಚಿ ಹುಲಿಗೆಪ್ಪ ಮಾಸ್ತರರ ಗಿರಮಿಟ್ಟಿನ ಪ್ಲೇಟನ್ನು ನೆಕ್ಕಿ ಮುಗಿಸಿತು. ಹಸಿಮೆಣಸಿನಕಾಯಿ ಕಡಿದ ಅದು ಗೂಟ ಕಿತ್ತುಕೊಂಡು ಓಡಿತು. ಸಭೆ ಬರಖಾಸ್ತಾಯಿತು.

"ಎಮ್ಮಿಗೆ ಗಿರಮಿಟ್ಟ ತಿನ್ನಸಾಕ ಹತ್ತೀರೇನು ಈಗ?" ಎಂದು ಮಲ್ಲಕ್ಕ ಅದರ ಹಿಂದೆ ಓಡುತ್ತ ಕೇಳಿದಳು. "ಮನಿಷ್ಯಾರು ಬಂದ್ ಮಾಡಿದ್ರಂತ?"

ಎರಡನೆಯ ಪ್ರಯತ್ನದಲ್ಲಿ ಮಡಿವಾಳೆಪ್ಪ ಬುದ್ಧಿ ಓಡಿಸಿದ. ಬೆಂಚುಗಳನ್ನು ಮತ್ತೆ ಮುಂದಕ್ಕೆ ತಂದ. ಮಿಕ್ಸರಿಗೆ ಪುಟಾಣಿ ಕಡಲೆ ಸುರಿದು ಅದನ್ನು ಬಾಗಿಲ ಬಳಿಯಿಟ್ಟು ತಿರುಗಿಸಿದ. ಆ ಮಿಕ್ಸರು ಹಳೆಯದು; ತಿರುಗಿತೆಂದರೆ ಕಲ್ಲು ಪುಡಿಮಾಡುವ ಖಡಿ ಮಶೀನಿನ ಸದ್ದು.

"ಇದರ ಸಪ್ಪಳದಾಗ ಬುರುಡಿಗೆ ಏನೂ ಕೇಳ್ಸಂಗಿಲ್ಲ! ಮಾತಾಡ್ರಿ!" ಎಂದು ಅವನು ಕೂಗಿದ.

"ಆಂ?" ಎಂದರು ಮಾಸ್ತರರು.

"ಮಾತಾಡ್ರಿ ಅಂದೆ!"

ಈ ಉಪಾಯದಲ್ಲಿ ಒಂದೇ ದೋಷವಿತ್ತು. ಬುರುಡೆಗೆ ಕೇಳಿಸದ ಸದ್ದಿನಲ್ಲಿ ಮನುಷ್ಯರಿಗೂ ಕೇಳಿಸುತ್ತಿರಲಿಲ್ಲ. ಒಬ್ಬೊಬ್ಬರೂ ಎದುರಿನವರ ಕಿವಿಗೆ ಬಾಯಿ ತಾಗಿಸಿ ಕಿರುಚಬೇಕಾಯಿತು. ಆದರೂ ಎಷ್ಟೋ ದಿನಗಳಿಂದ ಕಟ್ಟಿಕೊಂಡಿದ್ದದ್ದು ಹೊರಬರತೊಡಗಿತು. ಎರಡನೆಯ ಸುತ್ತಿನ ಚಾ ಹೋಯಿತು. ಮಿರ್ಚಿಗೆ ಬೇಡಿಕೆ ಬಂತು. ಮಡಿವಾಳೆಪ್ಪ ಇನ್ನೊಂದು ಸೇರು ಪುಟಾಣಿ ಸುರಿದ. ಯಾಕೂಬಸಾಬನಂತೂ ಟವೆಲು ಕಿತ್ತೊಗೆದು, ಬೆಂಚಿನ ಮೇಲೆ ಒಂದು ಕಾಲಿಟ್ಟು, ಕೊರಳ ನರ ಉಬ್ಬಿಸಿ ಮಾತಿಗಿಳಿದ.

ಅದೇ ಹೊತ್ತಿಗೆ ಕರೆಂಟು ಹೋಯಿತು. ಮಿಕ್ಸರು ಗಪ್ಪನೆ ನಿಂತಿತು. ಯಾಕೂಬಸಾಬ ನಿಲ್ಲಲಿಲ್ಲ.

"...ಗೌಡ ಖಡಿ ತಿಂದಾನ, ಡಾಂಬರ ತಿಂದಾನ, ರೋಲರ್ ಒಂದ್ ಬಿಟ್ಟಾನ, ಅದೂ ಬಾಯಾಗ ಹಿಡೀಲಿಲ್ಲಂತ!"

ಆ ಮಾತು ಪಂಚಾಯಿತಿ ಕಚೇರಿಯ ಗೋಡೆಗೆ ಬಡಿದು ವಾಪಸು ಬಂತು. ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದ ಇನ್ನೊಂದು ಎಮ್ಮೆ ಕೂಡ ನಿಲ್ಲಿಸಿತು. ಯಾಕೂಬಸಾಬ ಬೆಂಚಿನಿಂದ ಕಾಲಿಳಿಸಿ, ಮೆಲ್ಲಗೆ ಕಂಬದ ಬಳಿಗೆ ನಡೆದು, ಬುರುಡೆಯನ್ನು ನೋಡಿ ವಿನಯದಿಂದ ಮುಂದುವರಿಸಿದ: "...ಅಂತ ಆಚಿ ಊರು ಮೊರಬದಾಗ ಯಾರೋ ಅಂದ್ರು. ನಾ ಅವರಿಗೆ ಅಲ್ಲೇ ಬೈದ ಬಂದೇನಿ."

ತಿರುಗಿ ನೋಡುವುದರೊಳಗೆ ಬೆಂಚುಗಳು ಖಾಲಿಯಾಗಿದ್ದವು. ಕ್ಯಾನಿನಲ್ಲಿ ಮುಕ್ಕಾಲು ಪಾಲು ಹಾಲು ಹಾಗೆಯೇ ಇತ್ತು.

ಮಧ್ಯಾಹ್ನ ಏಣಿ ಕಟ್ಟಿಕೊಂಡ ಒಂದು ಗಾಡಿ ಹುಬ್ಬಳ್ಳಿಯಿಂದ ಬಂದು ಕಂಬದ ಕೆಳಗೆ ನಿಂತಿತು. ಅದರಿಂದ ಇಳಿದದ್ದು ಕ್ಯಾಮೆರಾ ಕಂಪನಿಯ ಅಮೃತಾ ಎಂಬ ಯುವತಿ. ಅವಳು ಏಣಿ ಹತ್ತಿ, ಬುರುಡೆಗೆ ಜೇಡ ಕಟ್ಟಿದ್ದ ಬಲೆಯನ್ನು ಒರೆಸಿ, ಇಳಿದು ಬಂದು ಚಾ ಕೇಳಿದಳು. ಮಡಿವಾಳೆಪ್ಪ ಚಾ ಜೊತೆಗೆ ಕೇಳದ ಗಿರಮಿಟ್ಟನ್ನೂ ಮಿರ್ಚಿಯನ್ನೂ ತಂದಿಟ್ಟು, ಒಲೆಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತ.

"ತಂಗಿ, ಒಂದ್ ಮಾತ ಕೇಳ್ಲೇನು?"

"ಕೇಳ್ರಿ ಕಾಕಾ."

"ಅದು ಎಷ್ಟ್ ದೂರದ ಮಟಾ ಕೇಳಸ್ಕೋತೈತಿ?"

"ಯಾವ್ದರಿ?"

"ಅದ..." ಅವನು ಹೆಸರು ಹೇಳದೆ ಗದ್ದದಿಂದ ಕಂಬದ ದಿಕ್ಕು ತೋರಿಸಿದ.

ಅಮೃತಾಳಿಗೆ ನಗು ಬಂದು ಗಿರಮಿಟ್ಟಿನ ಉಳ್ಳಾಗಡ್ಡಿ ನೆತ್ತಿಗೇರಿತು. "ಅದಕ್ಕ ಕಿವಿನ ಇಲ್ರಿ ಕಾಕಾ! ಮೈಕ್ ಕೂಡ್ಸಿಲ್ಲ ಅದಕ್ಕ. ಬರೇ ಕಣ್ಣು."

"ಬುದ್ಧಿ ಐತಿ ಅಂದಿದ್ರಲ್ಲ?"

"ಬುದ್ಧಿ ಅಂದ್ರ, ದಿನಕ್ಕ ಎಷ್ಟ್ ಟ್ರ್ಯಾಕ್ಟರ್ ಹೋದ್ವು, ಎಷ್ಟ್ ಕಾರು, ಎಷ್ಟ್ ದನಾ ಅಂತ ಎಣಸ್ತೈತ್ರಿ. ಅಷ್ಟ." ಅವಳು ಲ್ಯಾಪ್‌ಟಾಪು ತೆರೆದು ತೋರಿಸಿದಳು. ಪರದೆಯ ಮೇಲೆ ಬೇವಿನಕಟ್ಟೆ ಸ್ಪಷ್ಟವಾಗಿ ಕಾಣುತ್ತಿತ್ತು. ಓಡಿಹೋಗಿದ್ದ ಎಮ್ಮೆ ರಸ್ತೆಯ ನಡುವೆ ಮಲಗಿತ್ತು. ಅದರ ಸುತ್ತ ಒಂದು ಹಸಿರು ಚೌಕ. ಚೌಕದ ಮೇಲೆ 'ಕಾರು' ಎಂದು ಬರೆದಿತ್ತು. "ಇನ್ನೂ ಕಲ್ಯಾಕತ್ತೈತ್ರಿ," ಎಂದು ಅಮೃತಾ ಸಮಜಾಯಿಷಿ ಕೊಟ್ಟಳು.

"ಮತ್ತ ಮೇಲಿನವರಿಗೆ ವರದಿ ಹೊಕ್ಕೈತಿ ಅಂದ್ರಲ್ಲವಾ?"

"ತಿಂಗಳಿಗೊಮ್ಮಿ ನಮ್ಮ ಆಫೀಸಿಗೆ ಒಂದ್ ಫೈಲ್ ಬರತೈತ್ರಿ. ಯಾರೂ ತಗದ್ ನೋಡಂಗಿಲ್ಲ. ಅಂದಂಗ, ನಮ್ಮ ಆಫೀಸು ಮ್ಯಾಲಿಲ್ರಿ. ಬೇಸ್‌ಮೆಂಟಿನ್ಯಾಗ ಐತಿ."

ಮಡಿವಾಳೆಪ್ಪ ಅಲ್ಲಿಂದ ಜಿಗಿದು, ಎರಡು ಓಣಿ ಸುತ್ತಿ, ಸಿಕ್ಕಸಿಕ್ಕವರಿಗೆಲ್ಲ ಹೇಳಿ, ಹತ್ತಾರು ಮಂದಿಯನ್ನು ಕಟ್ಟೆಯ ಬಳಿ ಕೂಡಿಸಿದ. ಆದರೆ ಯಾರೂ ನಂಬಲಿಲ್ಲ.

"ನಿನಗ ಹೇಳಿದವ್ರು ಯಾರು?" ಮಾಸ್ತರರು ಕೇಳಿದರು.

"ಕಂಪನಿ ತಂಗೀನ ಹೇಳ್ಯಾಳ್ರಿ."

"ಕದ್ದ ಕೇಳಸ್ಕೊಳ್ಳಾವ್ರು ಯಾವತ್ತರ 'ನಾವು ಕೇಳಸ್ಕೊಳ್ಳಾಕ ಹತ್ತೇವಿ' ಅಂತ ಹೇಳ್ತಾರೇನೋ?"

"ಅದ ಅಲ್ಲೇನು!" ಎಂದ ಯಾಕೂಬಸಾಬ. "ಕಿವಿ ಇಲ್ಲಂದ್ರ ಮೈಲಾರವ್ವನ ಗಟಾರ ಹೆಂಗ ಸ್ವಚ್ಛ ಆತು? ಹೇಳ ನೋಡೋಣು."

ಗುಂಪಿನಲ್ಲಿದ್ದ ಮೈಲಾರವ್ವನೇ ಕೋಲು ಊರಿ ಮುಂದೆ ಬಂದಳು. "ಕಿವಿ ಇರ್ಲಿ ಬಿಡ್ಲಿ, ನಾ ಹೇಳೂದು ಬಿಡಂಗಿಲ್ಲಪಾ. ನಮ್ಮ ಮನಿಯವ್ರಿಗೂ ಕಿವಿ ಇರ್ಲಿಲ್ಲ. ಬಾಳೇವು ಪೂರಾ ಅವರಿಗೆ ಹೇಳ್ಕೊಂತನ ಬಂದೆ. ಇದು ಅವರಕಿಂತ ಚಲೋ ಐತಿ, ಎದ್ದ ಹೋಗಂಗಿಲ್ಲ."

ಹುಲಿಗೆಪ್ಪ ಮಾಸ್ತರರು ಮೂರು ದಶಕ ವಿಜ್ಞಾನ ಕಲಿಸಿದವರು. ಅವರೊಳಗಿನ ಶಿಕ್ಷಕ ಈಗ ಎಚ್ಚೆತ್ತ. "ಇದು ವಾದದಿಂದ ತೀರೂದಲ್ಲ. ಪ್ರಯೋಗ ಮಾಡ್ಬೇಕು," ಎಂದು ಅವರು ಪ್ರಯೋಗದ ವಿಧಾನವನ್ನು ವಿವರಿಸಿದರು. ಲ್ಯಾಪ್‌ಟಾಪನ್ನು ಅಂಗಡಿಯ ಒಳಗಿಡುವುದು. ಸಾಕ್ಷಿಗಳು ಅದರ ಸುತ್ತ ಕೂರುವುದು. ಹೊರಗಿನ ದನಿ ನೇರವಾಗಿ ಬಾರದಂತೆ ಬಾಗಿಲು, ಕಿಟಕಿ ಭದ್ರಪಡಿಸಿ ಸಂದಿಗೆ ಗೋಣಿಚೀಲ ತುರುಕುವುದು. ಒಬ್ಬನು ಕಂಬದ ಕೆಳಗೆ ನಿಂತು ಒದರುವುದು. ಲ್ಯಾಪ್‌ಟಾಪು ಸದ್ದು ಮಾಡಿದರೆ ಬುರುಡೆಗೆ ಕಿವಿಯಿದೆ, ಇಲ್ಲವಾದರೆ ಇಲ್ಲ.

"ಏನಂತ ಒದರೂದ್ರಿ?"

"ಹಂಗ ಹಿಂಗ ಒದರಿದ್ರ ನಡ್ಯಂಗಿಲ್ಲ. ಕಿವಿ ಇದ್ರೂ ಇದು ಸಣ್ಣ ಮಾತು ಅಂತ ಅದು ಬಿಟ್ಟರ ಬಿಟ್ಟೀತು. ಗೌಡ್ರಿಗೆ ಅಗದಿ ಹತ್ತೂವಂಥಾ ಬೈಗಳಾ ಆಗ್ಬೇಕು."

"ಬೈಯಾವ್ರು ಯಾರ್ರಿ?"

ಎಲ್ಲರೂ ಮಡಿವಾಳೆಪ್ಪನನ್ನು ನೋಡಿದರು. "ಹಾಲು ಯಾರ್ದು ಉಳದಾವೋ ಅವ್ರ ಬೈಬೇಕು," ಎಂದು ಯಾಕೂಬಸಾಬ ತೀರ್ಪು ಕೊಟ್ಟ.

ಹೀಗೆ, ಹೊತ್ತು ವಾಲುವ ಸಮಯಕ್ಕೆ, ಮಡಿವಾಳೆಪ್ಪ ಒಂಟಿಯಾಗಿ ಬುರುಡೆಯ ಕೆಳಗೆ ನಿಂತ. ಹಿಂದೆ ರಸ್ತೆ, ಎದುರಿಗೆ ತನ್ನದೇ ಅಂಗಡಿ. ಅಂಗಡಿಯ ಗಾಜಿನ ಕಿಟಕಿಯ ಆಚೆ ಹತ್ತಾರು ಮುಖಗಳು ಲ್ಯಾಪ್‌ಟಾಪಿನ ಮೇಲೆ ಬಾಗಿದ್ದವು.

"ಗೌಡ್ರ," ಎಂದು ಅವನು ಆರಂಭಿಸಿದ. "ನೀವು... ಅಷ್ಟೇನ ಚಲೋ ಮನಿಷ್ಯಾ ಅಲ್ಲ."

ಕಿಟಕಿಯಲ್ಲಿ ಮಾಸ್ತರರ ಕೈ ಸನ್ನೆ ಮಾಡಿತು: ಜೋರಾಗಿ.

"ಗೌಡಾ! ಹೆಂಡ್ತಿ ಹೆಸರಿಲೆ ಕುರ್ಚಿ, ಕುಂತಾಂವ ನೀನು! ಸಹಿ ಆಕೀದು, ಪೆನ್ನು ನಿಂದು!"

ಬುರುಡೆ ಅಲುಗಾಡಲಿಲ್ಲ. ಆಕಾಶ ಬೀಳಲಿಲ್ಲ. ರಾಜಕೀಯವೇ ಬೇಡವೆಂದ ಮಡಿವಾಳೆಪ್ಪನಲ್ಲಿ, ಎರಡು ತಿಂಗಳು ಉಳಿದ ಹಾಲೆಲ್ಲ ಈಗ ಮಾತಾಗಿ ಉಕ್ಕತೊಡಗಿತು.

"ಊರ ಗಟಾರ ತುಂಬಿ ನಿಂತ್ರ ನಿನ್ನ ಮನಿ ಮ್ಯಾಲ ಮನಿ ಏರ್ತಲ್ಲೋ! ನೀ ಹಾಕ್ಸಿದ ರಸ್ತಾದಾಗ ಬಸುರಿ ಹೆಂಗಸ್ರು ಬಸ್ ಹತ್ತಿದ್ರ ನವಲಗುಂದ ಮುಟ್ಟೂದ್ರೊಳಗ ಬಾಣಂತಿ!"

ಕಿಟಕಿಯಲ್ಲಿ ಕೈಗಳು ಹೆಚ್ಚಾದವು. ಯಾಕೂಬಸಾಬ ಎರಡೂ ಕೈ ಎತ್ತಿ ಬೀಸುತ್ತಿದ್ದ. ಯಾರೋ ಗಾಜನ್ನು ತಟ್ಟುತ್ತಿದ್ದರು. ಇಷ್ಟೊಂದು ಪ್ರೋತ್ಸಾಹ ಮಡಿವಾಳೆಪ್ಪನಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಅವನು ಅಂಗಿಯ ತೋಳು ಮಡಚಿದ.

"ಮಂದಿ ಮ್ಯಾಲ ಕಣ್ಣಿಡಾಕ ಮಶೀನ್ ತಂದಿ! ನಿನ್ನ ಮ್ಯಾಲ ಕಣ್ಣಿಡಾವ್ರು ಯಾರಲೇ? ಬಾ ಇಲ್ಲಿ! ಖರೇ ಗಂಡಸಾಗಿದ್ರ ನನ್ನ ಮುಂದ ಬಂದ್ ನಿಂದ್ರು!"

ಹಿಂದಿನಿಂದ ಯಾರೋ ಕೆಮ್ಮಿದರು.

ಮಡಿವಾಳೆಪ್ಪ ತಿರುಗಿದ. ಮೋಟಾರ್‌ಸೈಕಲ್ಲಿನ ಮೇಲೆ ಒಂದು ಕಾಲೂರಿ, ಬಿಳಿ ಅಂಗಿಯ ಗೌರೀಶಗೌಡರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಎಂಜಿನ್ನು ತಣ್ಣಗಾಗಿತ್ತು. ಲ್ಯಾಪ್‌ಟಾಪಿನಲ್ಲಿ ಅವರು ಬಂದು ನಿಂತದ್ದನ್ನು ಎಲ್ಲರೂ ಕಂಡಿದ್ದರು. ಬಾಗಿಲು ತೆರೆದು ಎಚ್ಚರಿಸಲು ಯಾಕೂಬಸಾಬ ಎದ್ದದ್ದೂ ಹೌದು. ನಡುವೆ ಬಾಗಿಲು ತೆರೆದರೆ ಪ್ರಯೋಗ ಕೆಡುತ್ತದೆಂದು ಮಾಸ್ತರರು ಅಗುಳಿಯನ್ನು ಹಿಡಿದುಕೊಂಡು ಬಿಟ್ಟಿರಲಿಲ್ಲ.

ಮಡಿವಾಳೆಪ್ಪ ಮಡಚಿದ್ದ ತೋಳನ್ನು ಇಳಿಸಿಕೊಂಡ. ಆದರೆ ಗೌಡರು ನೋಡುತ್ತಿದ್ದುದು ಅವನನ್ನಲ್ಲ, ಬುರುಡೆಯನ್ನು.

"ಮಡಿವಾಳೆಪ್ಪಾ," ಅವರು ತಗ್ಗಿದ ದನಿಯಲ್ಲಿ ಕೇಳಿದರು, "ಅದರ ಮುಂದ ನಿಂತ ಇಷ್ಟೆಲ್ಲಾ ಒದರಿದ್ಯಲ್ಲ, ನಿನಗ ಹೆದ್ರಿಕಿ ಇಲ್ಲೇನು?"

"ಅದಕ್ಕ... ಕಿವಿ ಇಲ್ರಿ ಗೌಡ್ರ."

"ಏನಂದಿ?"

"ಕಿವಿ ಇಲ್ರಿ. ಕಂಪನಿಯವ್ರ ಹೇಳ್ಯಾರ್ರಿ."

ಗೌಡರು ಗಾಡಿಯನ್ನು ಅಲ್ಲೇ ನಿಲ್ಲಿಸಿ ಅಂಗಡಿಯತ್ತ ಧಾವಿಸಿದರು. ಬಾಗಿಲು ತೆರೆಯಿತು. ಮಾಸ್ತರರು ಎದ್ದು ನಿಂತು ಫಲಿತಾಂಶ ಸಾರಿದರು: "ಒಂದಕ್ಷರಾನೂ ಕೇಳ್ಸಲಿಲ್ಲ. ಪ್ರಯೋಗ ಯಶಸ್ವಿ." ಗೌಡರು ಅಮೃತಾಳತ್ತ ತಿರುಗಿದರು.

"ಖರೇ ಏನವಾ? ಧಾರವಾಡಕ್ಕ ಏನೂ ಹೋಗಂಗಿಲ್ಲ? ಬೆಂಗಳೂರಿಗೆ?"

"ಬೇಸ್‌ಮೆಂಟಿಗ್ರಿ," ಎಂದಳು ಅಮೃತಾ. "ಅದೂ ಬರೇ ಎಮ್ಮಿ ಲೆಕ್ಕ."

ಗೌಡರು ಬೆಂಚಿನ ಮೇಲೆ ಕುಸಿದು ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದನ್ನು ಕಂಡು ಉಳಿದವರೂ ನಕ್ಕರು. "ಏ, ಎಲ್ಲಾರಿಗೂ ಚಾ ಹಾಕೋ ಮಡಿವಾಳೆಪ್ಪಾ! ಮಿರ್ಚಿ ಹಾಕು!"

ಮುಂದಿನ ಒಂದು ತಾಸು ಆ ಅಂಗಡಿ ಕಂಡದ್ದನ್ನು ಚುನಾವಣೆಯ ಹಿಂದಿನ ದಿನವೂ ಕಂಡಿರಲಿಲ್ಲ. ಸುದ್ದಿ ಓಣಿ ಓಣಿ ತಲುಪಿತು. ಜನ ಬಂದರು, ಬೆಂಚು ಸಾಲದೆ ನಿಂತರು. ಮಳೆ, ಗೊಬ್ಬರ, ಬೆಳೆವಿಮೆ, ದಿಲ್ಲಿ, ಬೆಂಗಳೂರು, ಎಲ್ಲವೂ ಮಾತಿಗೆ ಬಂದವು. ಇಬ್ಬರು ಕೊರಳಪಟ್ಟಿ ಹಿಡಿದುಕೊಂಡರು; ಮೂರನೆಯವನು ರಾಜಿ ಮಾಡಿಸಿದ; ಮೂವರಿಗೂ ಚಾ ಹೋಯಿತು. ಮಲ್ಲಕ್ಕ ಬಂದು ಕ್ಯಾನಿನೊಳಗೆ ಇಣುಕಿದಳು. ತಳ ಕಾಣುತ್ತಿತ್ತು.

"ನಾಳಿ ಡೇರಿಗೆ ಹಾಕಂಗಿಲ್ಲ," ಎಂದಳು. ಅವಳು ಗಂಡನನ್ನು ಮೆಚ್ಚುಗೆಯಿಂದ ನೋಡಿದ್ದು ಆ ವರ್ಷದಲ್ಲಿ ಅದೇ ಮೊದಲು. "ಮಗ್ಗಲ ಮನಿ ಹಾಲೂ ಹೇಳ್ತೇನಿ."

ಮಡಿವಾಳೆಪ್ಪ ಗೌಡರಿಗೆ ಎರಡನೆಯ ಪ್ಲೇಟು ಮಿರ್ಚಿಯನ್ನು ತಾನೇ ಒಯ್ದುಕೊಟ್ಟ. "ಗೌಡ್ರ, ಪ್ರಯೋಗದ ಸಲವಾಗಿ ಬೈದದ್ದರಿ ಅದು. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

"ಛೇ, ಛೇ. ಮಾತಾಡೂದು ನಿನ್ನ ಹಕ್ಕೋ ಮಾರಾಯಾ!" ಗೌಡರು ಅವನ ಬೆನ್ನು ತಟ್ಟಿದರು. "ನಿನ್ನಿಂದ ನಂದ್ ಎದಿ ಹಗುರಾತು. ಆ ಬುರುಡಿ ನನ್ನ ಮ್ಯಾಲ ಕಣ್ಣಿಡಾಕ ಮೇಲಿನವರು ಹಚ್ಚಿಸ್ಯಾರ ಅಂತ ತಿಳ್ಕೊಂಡಿದ್ದೆ ನಾನು! ಮೈಲಾರವ್ವ ಅದರ ಮುಂದ ನಿಂತ ಗಟಾರ ಗಟಾರ ಅಂತ ಒದರಿದ್ಲು. ಮ್ಯಾಲಿಂದ ಫೋನ್ ಬರೂದ್ರೊಳಗ ತಗಸಿದ್ರ ಆತಂತ ನಾನ ನಿಂತ ಸ್ವಚ್ಛ ಮಾಡಸಿದೆ. ರಾತ್ರಿ ನಿದ್ದಿ ಇಲ್ಲ, ಹಗಲಿ ಒಂದ್ ಮಾತ ಮನಸ್ ಬಿಚ್ಚಿ ಆಡಿಲ್ಲ."

ಎಲ್ಲರೂ ಮತ್ತೊಮ್ಮೆ ನಕ್ಕರು. ಗೌಡರು ಮಿರ್ಚಿಯ ತೊಟ್ಟನ್ನು ಎಸೆದು, ಕೈ ಒರೆಸಿಕೊಂಡು, ತಲೆಯೆತ್ತಿ ಅಂಗಡಿಯ ಮುಂಚಾಚಿದ ತಗಡಿನ ಪತ್ರಾಸನ್ನು ನೋಡಿದರು.

"ಅದಕ್ಕ ಹೆದರಿ ಇನ್ನೊಂದ್ ಕೆಲಸಾನೂ ನಿಲ್ಸಿದ್ದೆ. ನಿನ್ನ ಅಂಗಡಿ ಅರ್ಧ ಪಂಚಾಯ್ತಿ ಜಾಗಾದಾಗ ಐತಿ, ಗೊತ್ತಲ್ಲ?"

"ಗೌಡ್ರ, ನಮ್ಮಪ್ಪನ ಕಾಲದಿಂದ..."

"ಹೌದಪಾ. ನಮ್ಮ ಮನಿಯಾಕಿ ತಮ್ಮ ಇಲ್ಲಿ ಒಂದ್ ಹೋಟೆಲ್ ಹಾಕ್ತೇನಿ ಅಂತ ಗಂಟ ಬಿದ್ದಾನ. ಇದನ್ನ ತಗಸೂದು ಯಾವಾಗೋ ಆಗಬೇಕಿತ್ತು. ಬುರುಡಿ ನೋಡತೈತಿ, ಸ್ವಂತದವರಿಗೆ ಕೊಟ್ಟಾನ ಅಂತ ಮ್ಯಾಲ ಹೇಳ್ತೈತಿ ಅಂತ ಸುಮ್ನಿದ್ದೆ. ನಾಳಿ ಮುಂಜಾನಿ ಜೆಸಿಬಿ ಕಳಸ್ತೇನಿ. ಪತ್ರಾಸ್ ಈಗ ಬಿಚ್ಚಿಟ್ಕೋ, ಜೆಸಿಬಿ ವಜ್ಜಿ ಬಿದ್ದ ಹಾಳಾದ್ರ ನಿನಗ ಲುಕ್ಸಾನ." ಗೌಡರ ದನಿಯಲ್ಲಿ ನಿಜವಾದ ಕಾಳಜಿಯಿತ್ತು. "ನೀ ಬೈದದ್ದಕ್ಕ ಅಲ್ಲ ಮತ್ತ. ಹಂಗ ತಿಳ್ಕೋಬ್ಯಾಡ."

ಮಡಿವಾಳೆಪ್ಪ ಗಿರಾಕಿಗಳತ್ತ ತಿರುಗಿದ. ಇಷ್ಟು ಹೊತ್ತು ದಿಲ್ಲಿಯನ್ನೇ ಬೈದು ಬೆವರಿಳಿಸಿದವರು. ಯಾಕೂಬಸಾಬ ಎಂದೋ ತಣ್ಣಗಾದ ಚಾವನ್ನು ಊದಿ ಊದಿ ಆರಿಸತೊಡಗಿದ್ದ. ಹುಲಿಗೆಪ್ಪ ಮಾಸ್ತರರು ಕಪ್ಪಿನ ತಳದಲ್ಲಿ ಏನನ್ನೋ ಹುಡುಕುತ್ತಿದ್ದರು. ಒಬ್ಬರ ಹಿಂದೊಬ್ಬರಾಗಿ ಕಪ್ಪು ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡರು. ಬುರುಡೆಗೆ ಕಿವಿಯಿಲ್ಲವೆಂಬುದು ಸಾಬೀತಾಗಿತ್ತು. ಗೌಡರಿಗೆ ಇತ್ತು.

ಹೊರಗೆ ಅಮೃತಾ ಗಾಡಿಗೆ ಏಣಿ ಕಟ್ಟುತ್ತಿದ್ದಳು. ಮಡಿವಾಳೆಪ್ಪ ಓಡಿಹೋಗಿ ಹಗ್ಗದ ಇನ್ನೊಂದು ತುದಿಯನ್ನು ಹಿಡಿದುಕೊಂಡ.

"ತಂಗಿ, ಅದಕ್ಕ ಕಿವಿ ಕೂಡಸಾಕ ಬರತೈತೇನವಾ?"

"ಯಾಕ್ ಬರೂದಿಲ್ರಿ ಕಾಕಾ? ಸಣ್ಣದೊಂದ್ ಮೈಕ್. ಗಾಡ್ಯಾಗ ಐತಿ. ಅರ್ಧ ತಾಸಿನ ಕೆಲಸ."

"ಹಂಗಾರ ಈಗ ಕೂಡಸವಾ. ನಿನ್ನ ಕಾಲ ಬೀಳ್ತೇನಿ."

"ಅಯ್ಯ, ನೀವ್ ಹೇಳಿದ್ರ ಕೂಡಸಾಕ ಬರಂಗಿಲ್ರಿ. ಪಂಚಾಯ್ತಿದೊಂದು ಪತ್ರ ಬೇಕು, ಅದರ ಮ್ಯಾಲ ಅಧ್ಯಕ್ಷರ ಸಹಿ ಬೇಕು." ಅಮೃತಾ ಗಂಟು ಬಿಗಿದು, ಅಂಗಡಿಯೊಳಗೆ ಒಬ್ಬರೇ ಕುಳಿತು ಮಿರ್ಚಿ ಮುರಿಯುತ್ತಿದ್ದ ಗೌಡರತ್ತ ನೋಡಿದಳು. "ಗೌಡ್ರು ಇಲ್ಲೇ ಅದಾರಲ್ರಿ. ಇವತ್ತ ಅಗದಿ ಖುಷಿಲೆ ಅದಾರ. ಕೇಳಿ ನೋಡ್ರಿ."